ಫ್ಯಾಕ್ಟರಿ ಮುಚ್ತಾರಂತೆ, ಹೋರಾಟ ಮಾಡಿದವರು ಅನುಭವ ಹೇಳಿ

ಮದ್ದೂರು ಕಡೆಯವಳು:
ನಮ್ಮದು ಗಾರ್ಮೆಂಟ್ಸ್, 220 ಜನ, ಹೆಚ್ಚಿನವರು ಹೆಂಗಸರು. 2025ರ ಆಗಸ್ಟ್‌ನಲ್ಲಿ ಅಮೆರಿಕದವರು ಸುಂಕ 50 ಪರ್ಸೆಂಟ್ ಮಾಡಿದ ಮೇಲೆ ಆರ್ಡರ್ ಬಿದ್ದುಹೋಯ್ತು. ಎರಡು ಲೈನ್ ನಿಂತಿದೆ, ಮುಂದಿನ ತಿಂಗಳು ಬೀಗ ಅಂತಾರೆ. ಗೇಟ್ ಮುಂದೆ ಕೂರೋದಾ, ಲೇಬರ್ ಆಫೀಸ್‌ಗೆ ಹೋಗೋದಾ?

ಭದ್ರಾವತಿಯವನು:
ಕೂತ್ಕೊಳ್ಳಿ. ನಮ್ಮೂರಿನ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ ಮುಚ್ಚೋದು ಅಂತ 2023ರ ಜನವರಿಯಲ್ಲಿ ತೀರ್ಮಾನ ಆದಾಗ ನಾವು ಗುತ್ತಿಗೆಯವರು ಗೇಟಲ್ಲೇ ಶಾಮಿಯಾನ ಹಾಕಿದ್ವಿ. 1918ರಲ್ಲಿ ಶುರುವಾದ ಕಾರ್ಖಾನೆ, ಅದರಿಂದಲೇ ಊರು. ಎಂಪಿಎಂ ಕಾಗದ ಕಾರ್ಖಾನೆ 2015ರಲ್ಲೇ ನಿಂತಿತ್ತು, ಇದೂ ಹೋದರೆ ಉಳಿಯೋದೇನು? ಶಾಮಿಯಾನ ದಿನಕ್ಕೆ 600, ಮೈಕ್ 300, ಬೆಂಗಳೂರಿಗೆ ಒಂದು ಬಸ್ ಮಾಡಿದ್ರೆ 28 ಸಾವಿರ. ಹೆಂಡತಿ ಬಳೆ ಅಡ ಇಟ್ಟು 40 ಸಾವಿರ ಹಾಕಿದೆ, ಇನ್ನೂ ಬಿಡಿಸಿಲ್ಲ. ಒಂದು ರಾತ್ರಿ ಗಾಳಿಮಳೆಗೆ ಟಾರ್ಪಾಲ್ ಹರಿದು ನಾಲ್ಕು ಜನ ನಾಲ್ಕು ಕಂಬ ಹಿಡ್ಕೊಂಡು ಬೆಳಗಿನವರೆಗೆ ನಿಂತಿದ್ವಿ. ಅದೇ ವರ್ಷ ಕಾರ್ಖಾನೆಯ ಬಾರ್ ಮಿಲ್, ಅಂದ್ರೆ ಉಕ್ಕಿನ ಸರಳು ಮಾಡೋ ವಿಭಾಗ, ಮತ್ತೆ ಓಡ್ತು. ಕೂತಿದ್ದಕ್ಕೇ ಓಡಿದ್ದು.

ಪಾಂಡವಪುರದ ಅಕ್ಕ:
ಅಣ್ಣ, ನಿಮ್ಮದು ಸರ್ಕಾರಿ ಕಾರ್ಖಾನೆ, ಎಂಪಿ ಎಮ್ಮೆಲ್ಲೆ ಎಲ್ಲಾ ಬಂದು ಮಾತಾಡಿದ್ರು. ನಮ್ಮ ಹತ್ರ ಯಾರು ಬಂದ್ರು? 2020ರಲ್ಲಿ ಲಾಕ್‌ಡೌನ್ ಬಿಟ್ಟ ಮೇಲೆ ನಾನು ದುಡೀತಿದ್ದ ಕಡೆ ರಾತ್ರೋರಾತ್ರಿ ಮೆಷಿನ್ ಲಾರಿಗೆ ಹೇರಿದ್ರು. 38 ದಿನ ಗೇಟಲ್ಲಿ ಕೂತ್ವಿ ಕಣವ್ವ. ಕೊನೆಗೆ ‘ರಾಜೀನಾಮೆ ಬರ್ಕೊಡು, ಇವತ್ತೇ ದುಡ್ಡು’ ಅಂದ್ರು. ಮಗಳ ಫೀಸ್ ಕಟ್ಟಬೇಕಿತ್ತು, ಬರ್ಕೊಟ್ಟೆ. ಲೆಕ್ಕ ನೋಡು: ತಿಂಗಳಿಗೆ 9,100, 26ರಿಂದ ಭಾಗಿಸಿದ್ರೆ ದಿನಕ್ಕೆ 350. ವರ್ಷಕ್ಕೆ 15 ದಿನದಂಗೆ 9 ವರ್ಷಕ್ಕೆ ಗ್ರಾಚ್ಯುಟಿ 47,250. ಕೆಲಸದಿಂದ ತೆಗೆದಿದ್ದಕ್ಕೆ ಪರಿಹಾರ ಅಂತ ಇನ್ನೊಂದು ಅಷ್ಟೇ ಬರಬೇಕಿತ್ತು. ರಾಜೀನಾಮೆ ಅಂದ ತಕ್ಷಣ ಅದು ಹೋಯ್ತು. ಪಿಎಫ್‌ನಲ್ಲಿ ಇನಿಶಿಯಲ್ ತಪ್ಪಿದೆ ಅಂತ 7 ತಿಂಗಳು ಅಲೆದೆ.

ಕೆಜಿಎಫ್ ಹುಡುಗ:
ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ನಮ್ಮಪ್ಪ ಕೋರ್ಟು ಯೂನಿಯನ್ನು ಅಂತ ಓಡಾಡಿ, ಫೈಲ್ ತಲೆದಿಂಬಿನ ಕೆಳಗಿಟ್ಟುಕೊಂಡೇ ತೀರಿಹೋದರು. ನಾನು ಕತ್ತಲಲ್ಲೇ ಎದ್ದು ರೈಲು ಹತ್ತಿ ಬೆಂಗಳೂರಿಗೆ ಹೋಗ್ತೀನಿ, ಮನೆ ಸೇರೋದು ರಾತ್ರಿ 9ಕ್ಕೆ. ಬೇಗ ಬೇರೆ ಕೆಲಸ ನೋಡ್ಕೊಳ್ಳಿ.

ಭದ್ರಾವತಿಯವನು:
ಹೀಗೆ ಹೇಳೋರಿಂದಲೇ ಹೋರಾಟ ಮುರಿಯೋದು. 100ಕ್ಕಿಂತ ಹೆಚ್ಚು ಜನ ಇದ್ದರೆ ಸರ್ಕಾರದ ಅನುಮತಿ ಇಲ್ಲದೆ ಮುಚ್ಚೋಹಾಗಿಲ್ಲ.

ಕೆಜಿಎಫ್ ಹುಡುಗ:
ಅದು ಹಳೇ ಕಾನೂನು ಸ್ವಾಮಿ! 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆ, ಈಗ 300 ಜನ ಇದ್ದರೆ ಮಾತ್ರ ಅನುಮತಿ ಬೇಕು. ಅವರು 220 ಜನ. ಮುಚ್ಚೋಕೆ 60 ದಿನ ಮುಂಚೆ ಸರ್ಕಾರಕ್ಕೆ ನೋಟಿಸ್ ಕೊಡಬೇಕು, ಅಷ್ಟೇ. ನಮ್ಮಪ್ಪ ಹೋರಾಟ ಮುರಿದವರಲ್ಲ, ಅದರಲ್ಲೇ ಸತ್ತವರು. ಮಾತು ನೋಡಿ ಆಡಿ.

ಭದ್ರಾವತಿಯವನು:
ಅಪ್ಪನ ವಿಷಯ ನಾನು ಎತ್ತಲಿಲ್ಲ. ಕಾನೂನು ಬದಲಾಯ್ತು ಅಂತ ಮನೇಲಿ ಕೂರೋದಾ?

ಪಾಂಡವಪುರದ ಅಕ್ಕ:
ಇಬ್ಬರೂ ನಿಲ್ಸಿ. ಆ ಹುಡುಗಿ ಏನು ಕೇಳಿದ್ಲು ಅಂತ ನೋಡಿ.

ಮದ್ದೂರು ಕಡೆಯವಳು:
ನೋಟಿಸ್ ಅಂತ ನಮಗೇನೂ ತೋರಿಸಿಲ್ಲ ಅಕ್ಕ. ಇವತ್ತು ಊಟದ ಹೊತ್ತಲ್ಲಿ ಇಂಗ್ಲಿಷ್‌ನಲ್ಲಿದ್ದ ಕಾಗದ ಕೊಟ್ಟು ಸಹಿ ಮಾಡಿಸ್ಕೊಂಡ್ರು. ನಮ್ಮ ಲೈನಲ್ಲಿ 30 ಜನ ಹಾಕಿಬಿಟ್ರು.

ಪಾಂಡವಪುರದ ಅಕ್ಕ:
ನೀನು ಹಾಕಿದ್ಯಾ?