ಫಾರ್ಚೂನರ್‌ಗೆ ದೊಡ್ಡ ರಿಮ್, ದೊಡ್ಡ ಟೈರ್: ಹಾಕಿಸಿದವರು ಅನುಭವ ಹೇಳಿ

ಕುಮಟಾದಿಂದ, ಪ್ರಶ್ನೆ:

ನಮ್ಮ ಮನೆಯಲ್ಲಿ 17 ಇಂಚಿನ ಚಕ್ರದ ಫಾರ್ಚೂನರ್ ಇದೆ. ಟೈರ್ 265/65 ಆರ್17, ಅಂದರೆ ಅಗಲ 265 ಮಿ.ಮೀ., ಪಕ್ಕದ ರಬ್ಬರಿನ ಎತ್ತರ ಆ ಅಗಲದ ಶೇಕಡಾ 65, ರಿಮ್ 17 ಇಂಚು. ನಾಲ್ಕೂ ಸವೆದಿವೆ, ಮಳೆಗಾಲಕ್ಕೆ ಮೊದಲು ಬದಲಿಸಲೇಬೇಕು. ಹೇಗೂ ದುಡ್ಡು ಹಾಕುತ್ತೇನೆ, 20 ಇಂಚಿನ ಅಲಾಯ್ ಹಾಕಿಸಲಾ ಅಥವಾ 18ರಲ್ಲಿ 285 ಅಗಲದ ಟೈರ್ ಹಾಕಿಸಲಾ ಅಂತ ಗೊಂದಲ. ವಾರಕ್ಕೆರಡು ಸಲ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುತ್ತೇನೆ. ದೊಡ್ಡ ಟೈರ್ ಬಾಡಿಗೆ ಒಳಗೆ ತಾಗುತ್ತದಾ, ಮೈಲೇಜ್ ಎಷ್ಟು ಬೀಳುತ್ತದೆ, ಆರ್‌ಟಿಒ ಕಿರಿಕಿರಿ ಇದೆಯಾ?

ಶಿರಸಿಯಿಂದ:

ಮಾರಾಯ್ರೇ, ನಿಮ್ಮದೇ ಗಾಡಿ, ನಿಮ್ಮದೇ ರಸ್ತೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನಾನು ಮೊದಲು 20 ಇಂಚನ್ನೇ ಹಾಕಿಸಿದ್ದೆ, ಟೈರ್ 265/50. ಅಂಗಡಿಯವರು "ಹೊರಗಿನ ಅಳತೆ ಹಾಗೇ ಇರುತ್ತದೆ, ಏನೂ ತೊಂದರೆ ಇಲ್ಲ" ಅಂದರು. ಅದು ನಿಜವೇ. 265/65 ಆರ್17 ಟೈರಿನ ಒಟ್ಟು ಎತ್ತರ ಸುಮಾರು 776 ಮಿ.ಮೀ., 265/50 ಆರ್20ರದ್ದು 773. ಆದರೆ ಒಟ್ಟು ಎತ್ತರ ಅಷ್ಟೇ ಇದ್ದು ರಿಮ್ ದೊಡ್ಡದಾದರೆ ಕಡಿಮೆಯಾಗುವುದು ರಬ್ಬರ್ ಅಲ್ವಾ? ಮೊದಲು ರಿಮ್ಮಿನಿಂದ ನೆಲಕ್ಕೆ 172 ಮಿ.ಮೀ. ರಬ್ಬರ್ ಇತ್ತು, ಆಮೇಲೆ ಉಳಿದದ್ದು 132. ನಾಲ್ಕು ಸೆಂಟಿಮೀಟರ್ ಹೋಯಿತು. ಹುಬ್ಬಳ್ಳಿ ರಸ್ತೆಯಲ್ಲಿ ಹೋಗುವವರಿಗೆ ಇದು ದೊಡ್ಡ ವಿಷಯ ಅಲ್ಲದಿರಬಹುದು. ನಮಗೆ ಅದೇ ಎಲ್ಲ.

ಆಗಸ್ಟ್ ತಿಂಗಳು, ಸಂಜೆ ಆರೂವರೆ, ದೇವಿಮನೆ ಇಳಿಯುತ್ತಿದ್ದೆ. ಮಂಜು ಕವಿದಿತ್ತು, ರಸ್ತೆ ತುಂಬ ಕೆಂಪು ನೀರು. ಹೊಂಡ ಯಾವುದು, ರಸ್ತೆ ಯಾವುದು ಗೊತ್ತಾಗುವ ಹಾಗಿರಲಿಲ್ಲ. ಎಡಗಡೆ ಮುಂದಿನ ಚಕ್ರ ದಡಕ್ಕನೆ ಬಿತ್ತು. ಕೆಳಗಿಳಿದು ಟಾರ್ಚ್ ಹಾಕಿ ನೋಡಿದೆ. ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಹೊಟ್ಟೆ ಬಂದಿತ್ತು, ರಿಮ್ಮಿನ ಅಂಚು ಹೆಬ್ಬೆರಳು ಇಡುವಷ್ಟು ಒಳಕ್ಕೆ ಮಡಿಸಿಕೊಂಡಿತ್ತು, ಮಡಿಸಿದ ಜಾಗದಿಂದ ಗಾಳಿ ನೀರಿನಲ್ಲಿ ಗುಳ್ಳೆ ಗುಳ್ಳೆಯಾಗಿ ಬರುತ್ತಿತ್ತು. ಹೊಟ್ಟೆ ಬಂದ ಟೈರಿಗೆ ರಿಪೇರಿ ಇಲ್ಲ, ಒಳಗಿನ ದಾರ ಹರಿದಿರುತ್ತದೆ, ಅದು ಯಾವಾಗ ಬೇಕಾದರೂ ಒಡೆಯಬಹುದು. ಪುಣ್ಯಕ್ಕೆ ಸ್ಟೆಪ್ನಿ ಹಳೆಯ 17 ಇಂಚಿನದ್ದೇ ಇತ್ತು, ಎತ್ತರ ಹೆಚ್ಚು ಕಡಿಮೆ ಒಂದೇ, ಹಾಕಿಕೊಂಡು ಮನೆ ಸೇರಿದೆ. ಅದೇ ಮಳೆಗಾಲದಲ್ಲಿ ಇನ್ನೊಂದು ರಿಮ್ ಹೋಯಿತು. ದೀಪಾವಳಿಗೆ ಮೊದಲು ಸೆಟ್ ಮಾರಿಬಿಟ್ಟೆ.

ಈಗ 285ರ ವಿಷಯ. ಇದು ನನ್ನ ಭಾವನ ಅನುಭವ, ಅವರು ಯಲ್ಲಾಪುರದವರು, ಗಾಡಿ ಇದೇ. 285/60 ಆರ್18ರ ಎತ್ತರ 799 ಮಿ.ಮೀ. ಎತ್ತರ ಅಷ್ಟೇನೂ ಜಾಸ್ತಿ ಅಲ್ಲ, ಕಷ್ಟ ಕೊಟ್ಟದ್ದು ಅಗಲ. ಆ ಟೈರಿಗೆ ಕಡಿಮೆ ಅಂದರೂ 8 ಇಂಚು ಅಗಲದ ರಿಮ್ ಬೇಕು. ನಮ್ಮ ಕಂಪನಿ ರಿಮ್ 7.5. ಹಾಗಾಗಿ ಹೊಸ ರಿಮ್ ತಗೊಳ್ಳಲೇಬೇಕು, ತಗೊಳ್ಳುವಾಗ ಆಫ್‌ಸೆಟ್ ನೋಡಲಿಲ್ಲ. ಆಫ್‌ಸೆಟ್ ಅಂದರೆ ರಿಮ್ ಹಬ್ಬಿಗೆ (ಚಕ್ರವನ್ನು ಬೋಲ್ಟ್ ಹಾಕಿ ಕೂರಿಸುವ ನಡುವಿನ ಭಾಗ) ಕೂರುವ ಜಾಗ ರಿಮ್ಮಿನ ನಡುಮಧ್ಯದಿಂದ ಎಷ್ಟು ದೂರ ಅನ್ನುವ ಲೆಕ್ಕ. ಆ ನಂಬರ್ ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ. ಭಾವನ ಚಕ್ರ ಎರಡು ಬೆರಳು ಹೊರಗೆ ಬಂದಿತ್ತು. ಫೋಟೋದಲ್ಲಿ ಬಹಳ ಚೆನ್ನಾಗಿ ಕಾಣುತ್ತಿತ್ತು. ಮಳೆ ಬಂದ ಮೇಲೆ ಬಾಗಿಲ ಹಿಡಿಕೆವರೆಗೂ ಕೆಂಪು ರಾಡಿ, ಸ್ಟೇರಿಂಗ್ ಹೊಂಡಕ್ಕೆ ಹೋದ ಕಡೆ ಎಳೆಯುತ್ತಿತ್ತು, ಬೇರಿಂಗಿನ ಮೇಲೂ ಭಾರ ಜಾಸ್ತಿ.

ತಾಗುವುದು ಯಾವಾಗ ಗೊತ್ತಾ? ಅಂಗಡಿ ಎದುರಿಗೆ ಸ್ಟೇರಿಂಗ್ ತಿರುಗಿಸಿ ತೋರಿಸುವಾಗ ತಾಗುವುದಿಲ್ಲ. ತೋಟದ ಶೆಡ್ಡಿನಿಂದ ಸ್ಟೇರಿಂಗ್ ಪೂರ್ತಿ ತಿರುಗಿಸಿ ರಿವರ್ಸ್ ತೆಗೆಯುವಾಗ, ಒಂದು ಚಕ್ರ ಧರೆ ಹತ್ತಿದಾಗ, ಆಗ ಕರ್‌ರ್ ಅಂತ ಶಬ್ದ ಬರುತ್ತದೆ. ಭಾವನ ಗಾಡಿಯ ಒಳಗಿನ ಪ್ಲಾಸ್ಟಿಕ್ ಲೈನರ್ ಬಿಚ್ಚಿ ನೋಡಿದರೆ ಎಲ್ಲ ಕಡೆ ಕೆಮ್ಮಣ್ಣು, ನಡುವೆ ಒಂದು ಗೇಣು ಉದ್ದ ಮಾತ್ರ ಪಾಲಿಶ್ ಹಾಕಿದ ಹಾಗೆ ಹೊಳೆಯುತ್ತಿತ್ತು. ಅದಕ್ಕೇ ನಾನು ಯಾರಿಗಾದರೂ ಹೇಳುವುದು ಇಷ್ಟೇ: ಒಂದೇ ಚಕ್ರ ಮುಂದೆ ಹಾಕಿಸಿ, ಲೈನರಿಗೂ ಮಡ್‌ಫ್ಲ್ಯಾಪಿಗೂ ಸೀಮೆಸುಣ್ಣ ದಪ್ಪಕ್ಕೆ ಬಳಿಯಿರಿ, ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಹಿಂದೆ ಮುಂದೆ ಓಡಿಸಿ, ಆ ಚಕ್ರವನ್ನು ದಿಣ್ಣೆ ಹತ್ತಿಸಿಯೂ ನೋಡಿ. ಸುಣ್ಣ ಒರೆಸಿಹೋದ ಜಾಗ ನೋಡಿದ ಮೇಲೆ ಉಳಿದ ಮೂರಕ್ಕೆ ದುಡ್ಡು ಕೊಡಿ.

ಈಗ ನನ್ನ ಗಾಡಿಯಲ್ಲಿರುವುದು ಕಂಪನಿಯ 17 ಇಂಚಿನ ರಿಮ್ಮೇ, ಟೈರ್ 265/70 ಆರ್17. ಅಗಲ ಹಾಗೇ ಇದೆ, ಎತ್ತರ 803 ಮಿ.ಮೀ. ಜಾಸ್ತಿ ಆದದ್ದೆಲ್ಲ ರಬ್ಬರ್. ಗಾಡಿ ನೆಲದಿಂದ ಮೇಲೆ ಹೋಗುವುದು ಅದರ ಅರ್ಧ, 13 ಮಿ.ಮೀ. ಅಷ್ಟೇ. ಟೈರ್ ದೊಡ್ಡದು ಹಾಕಿಸಿದರೆ ಗಾಡಿ ಎತ್ತರ ಆಗಿಬಿಡುತ್ತದೆ ಅಂತ ಯಾರೂ ಅಂದುಕೊಳ್ಳಬೇಡಿ. ಪೂರ್ತಿ ತಿರುಗಿಸಿದಾಗ ಮಡ್‌ಫ್ಲ್ಯಾಪಿಗೆ ಒಂದು ಕಡೆ ಸವರುತ್ತಿತ್ತು, ಸ್ವಲ್ಪ ಹಿಂದಕ್ಕೆ ಎಳೆದು ಸ್ಕ್ರೂ ಹಾಕಿದ ಮೇಲೆ ಇಲ್ಲ. ಸ್ಟೆಪ್ನಿಯೂ ಕೆಳಗೆ ಅದರ ಜಾಗದಲ್ಲಿ ಕೂರುತ್ತದೆ. ಐದೂ ಒಂದೇ ಅಳತೆ ತಗೊಳ್ಳಿ. ಫೋರ್ ವೀಲ್ (ಎಂಜಿನ್ ಶಕ್ತಿ ನಾಲ್ಕೂ ಚಕ್ರಕ್ಕೆ ಕೊಡುವ ವ್ಯವಸ್ಥೆ) ಇದ್ದವರಂತೂ ಬೇರೆ ಬೇರೆ ಎತ್ತರದ ಟೈರ್ ಹಾಕಿಕೊಂಡು ಗಟ್ಟಿ ರಸ್ತೆಯಲ್ಲಿ ಫೋರ್ ವೀಲ್ ಹಾಕಲೇಬಾರದು, ಒಳಗಿನ ಗೇರುಗಳಿಗೆ ಪೆಟ್ಟು.

ಮೈಲೇಜ್ ಲೆಕ್ಕ ಮಾಡುವಾಗ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಟೈರ್ 3.4 ಶೇಕಡಾ ದೊಡ್ಡದಾದರೆ ಮೀಟರ್ 1000 ಕಿ.ಮೀ. ತೋರಿಸುವ ಹೊತ್ತಿಗೆ ಗಾಡಿ ಮೊದಲಿನ ಲೆಕ್ಕದಲ್ಲಿ 1034 ಓಡಿರುತ್ತದೆ. ಅದನ್ನು ಸೇರಿಸದೆ "ಮೈಲೇಜ್ ಸತ್ತೇ ಹೋಯಿತು" ಅನ್ನುತ್ತಾರೆ. ನನಗೆ ಸರಿಯಾಗಿ ಲೆಕ್ಕ ಹಾಕಿದ ಮೇಲೆ ಲೀಟರಿಗೆ ಅರ್ಧ ಕಿಲೋಮೀಟರಿನಷ್ಟು ಕಡಿಮೆ ಆಗಿದೆ. ಸ್ಪೀಡೋಮೀಟರೂ ಹಾಗೇ, 80ರಲ್ಲಿ ಹೋಗುವಾಗ ಮೊದಲಿಗಿಂತ ಎರಡೂವರೆ ಕಿಲೋಮೀಟರ್ ಜಾಸ್ತಿ ವೇಗದಲ್ಲಿರುತ್ತೀರಿ.

ಕಾರವಾರದಿಂದ:

ನಾನು ರಿಮ್ ತಗೊಂಡು ಮೋಸ ಹೋದ ಕಥೆ ಹೇಳುತ್ತೇನೆ. ಎಂಡೆವರ್ ಗಾಡಿಯ 18 ಇಂಚಿನ ಅಲಾಯ್ ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಆರು ಬೋಲ್ಟು, ಪಿಸಿಡಿ (ಬೋಲ್ಟುಗಳು ಕೂರುವ ವೃತ್ತದ ವ್ಯಾಸ) 139.7 ಮಿ.ಮೀ., ನಮ್ಮದೂ ಅದೇ. ಮಾರುವವರು ಕೂರುತ್ತದೆ ಅಂದರು. ಮನೆಗೆ ತಂದು ಎತ್ತಿ ಹಿಡಿದರೆ ಹಬ್ಬಿನ ಮೇಲೆ ಹೋಗುವುದೇ ಇಲ್ಲ. ಎಂಡೆವರ್ ರಿಮ್ಮಿನ ನಡುವಿನ ತೂತು 93.1 ಮಿ.ಮೀ., ಫಾರ್ಚೂನರ್ ಹಬ್ 106.1. ಬೋಲ್ಟ್ ಲೆಕ್ಕ ನೋಡಿ ದುಡ್ಡು ಕೊಡಬೇಡಿ, ನಡುವಿನ ತೂತೂ ಅಳೆಯಿರಿ. ತೂತು ದೊಡ್ಡದಾಗಿದ್ದರೆ ನಡುವೆ ರಿಂಗ್ ಹಾಕಬಹುದು, ಚಿಕ್ಕದಾಗಿದ್ದರೆ ಅದನ್ನು ಲೇತಿಗೆ ಕೊಟ್ಟು ಕೊರೆಸಲು ನನಗೆ ಧೈರ್ಯ ಬರಲಿಲ್ಲ.

ಕೊನೆಗೆ ಫಾರ್ಚೂನರಿನದೇ 18 ಇಂಚಿನ ರಿಮ್, 265/60 ಟೈರ್ ಹಾಕಿದೆ. ಅದೇ ಮಾಡೆಲ್ಲಿನ ಮೇಲಿನ ಗಾಡಿಗೆ ಕಂಪನಿಯೇ ಕೊಡುವ ಅಳತೆ, ಎತ್ತರ 775. ಇದರಿಂದ ಕಾಗದಪತ್ರದ ತಲೆನೋವೂ ಕಡಿಮೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಾಡು ಮಾಡುವಂತಿಲ್ಲ, 2019ರ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡವೂ ಬಂದಿದೆ. ಚಕ್ರ ಬಾಡಿಯಿಂದ ಹೊರಗೆ ಬಂದಿದ್ದರೆ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿ, ಉತ್ತರ ಇಟ್ಟುಕೊಳ್ಳಿ. ಅಪಘಾತ ಆದ ಮೇಲೆ ಹೇಳಿದರೆ ಪ್ರಯೋಜನ ಇಲ್ಲ.

ಇನ್ನೊಂದು, ಉಪ್ಪು ಗಾಳಿ. ನೀವೂ ಸಮುದ್ರದ ಬದಿಯವರು. ಮಷೀನ್ ಕಟ್ ಮಾಡಿದ ಹೊಳಪಿನ ಅಲಾಯ್ ಬೇಡವೇ ಬೇಡ. ಕಲ್ಲು ತಾಗಿ ಮೇಲಿನ ಲ್ಯಾಕರ್ ಒಂದು ಕಡೆ ಎದ್ದರೆ ಸಾಕು, ಒಳಗೆ ಬಿಳಿ ಹುಳು ಹರಿದ ಹಾಗೆ ಗೆರೆ ಹಬ್ಬುತ್ತದೆ. ಪೂರ್ತಿ ಪೇಂಟ್ ಇರುವುದೇ ಒಳ್ಳೆಯದು. ರಿಮ್ ಹಬ್ಬಿಗೆ ಕಚ್ಚಿಕೊಳ್ಳುತ್ತದೆ ಕೂಡ. ನನಗೆ ಒಮ್ಮೆ ಅಂಕೋಲಾ ಹತ್ತಿರ ಪಂಕ್ಚರ್ ಆದಾಗ ನಟ್ ಐದು ನಿಮಿಷದಲ್ಲಿ ಬಿಚ್ಚಿದೆ, ಚಕ್ರ ಬರಲು ಮುಕ್ಕಾಲು ಗಂಟೆ ಒದೆಯಬೇಕಾಯಿತು.

ಕುಮಟಾದಿಂದ:

ಇಬ್ಬರಿಗೂ ಬಹಳ ಥ್ಯಾಂಕ್ಸ್. 20 ಇಂಚು ಬಿಟ್ಟೆ. ಇರುವ ರಿಮ್ಮಿಗೇ 265/70 ಹಾಕಿಸುತ್ತೇನೆ. ಆಲ್ ಟೆರೇನ್ (ಡಾಂಬರು, ಮಣ್ಣು ಎರಡಕ್ಕೂ ಆಗುವ ಟೈರ್) ತಗೊಳ್ಳಲಾ? ತಗೊಳ್ಳುವಾಗ ಇನ್ನೇನು ನೋಡಬೇಕು?

ಶಿರಸಿಯಿಂದ:

ಮನೆಗೆ ಮಣ್ಣಿನ ರಸ್ತೆ ಇದ್ದರೆ ಸಾಧಾರಣ ಆಲ್ ಟೆರೇನ್ ತಗೊಳ್ಳಿ. ಪೂರ್ತಿ ಡಾಂಬರೇ ಆದರೆ ಹೈವೇ ಟೈರೇ ಸಾಕು, ಒದ್ದೆ ಘಟ್ಟದಲ್ಲಿ ಅದರ ಹಿಡಿತ ನನಗೆ ಜಾಸ್ತಿ ಧೈರ್ಯ ಕೊಡುತ್ತದೆ. ದೊಡ್ಡ ದೊಡ್ಡ ರಬ್ಬರ್ ಗಟ್ಟಿಗಳಿರುವ ಮಡ್ ಟೈರ್ ಮಾತ್ರ ಬೇಡ, ಮಳೆಯಲ್ಲಿ ಡಾಂಬರಿನ ಮೇಲೆ ಜಾರುತ್ತದೆ.

ಟೈರಿನ ಮೇಲೆ ಲೋಡ್ ನಂಬರ್ ಇರುತ್ತದೆ, 112ಕ್ಕಿಂತ ಕಡಿಮೆ ಇರಬಾರದು. 112 ಅಂದರೆ ಒಂದು ಟೈರಿಗೆ 1120 ಕೆ.ಜಿ. ತಯಾರಾದ ದಿನಾಂಕ ನಾಲ್ಕು ಅಂಕಿಯಲ್ಲಿ ಇರುತ್ತದೆ, 3224 ಅಂತಿದ್ದರೆ 2024ರ 32ನೇ ವಾರ. ಐದೂ ಟೈರಿನದ್ದು ನೀವೇ ಕೂತು ಓದಿ. ನನಗೆ ಒಮ್ಮೆ ನಾಲ್ಕು ಹೊಸದು, ಒಂದು ಎರಡೂವರೆ ವರ್ಷ ಹಳೆಯದು ಸಿಕ್ಕಿತ್ತು.

ಹಾಕುವಾಗ ಹಬ್ಬಿನ ಮುಖ ವೈರ್ ಬ್ರಷ್‌ನಿಂದ ಉಜ್ಜಿಸಿ, ತೆಳ್ಳಗೆ ಆ್ಯಂಟಿ ಸೀಜ್ (ಲೋಹ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಸವರಿಸಿ, ನಟ್ ಕೂರುವ ಸ್ಟಡ್ಡಿನ ಮೇಲೆ ಬೇಡ. ಹೀಗೆ ಮಾಡಿದರೆ ಕಾರವಾರದವರು ಹೇಳಿದಂತೆ ರಿಮ್ ಕಚ್ಚಿಕೊಳ್ಳುವ ತೊಂದರೆ ಇರುವುದಿಲ್ಲ. ನಟ್ಟನ್ನು ಗಾಳಿ ಗನ್ನಿನಿಂದ ಕೊನೆವರೆಗೂ ಬಿಗಿಸಲು ಬಿಡಬೇಡಿ, ಟಾರ್ಕ್ ರೆಂಚ್ (ಎಷ್ಟು ಬೇಕೋ ಅಷ್ಟೇ ಬಿಗಿಸುವ ಪಾನಾ) ಕೇಳಿ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಅಲ್ಲೇ ಮುಗಿಸಿ. ಅಲ್ಲಿಂದ ಶಿರಸಿಗೆ ಬಂದು ವಾಪಸ್ ಹೋದರೆ ನೂರು ಕಿಲೋಮೀಟರ್ ದಾಟುತ್ತದೆ, ಮನೆ ಮುಟ್ಟಿದ ಮೇಲೆ ರಿಮ್ ತಣ್ಣಗಾಗಲು ಬಿಟ್ಟು ಎಲ್ಲ ನಟ್ಟುಗಳನ್ನೂ ಇನ್ನೊಮ್ಮೆ ರೆಂಚ್ ಹಾಕಿ ನೋಡಿ. ಮೊದಲ ಸಲ ನನಗೆ ಎರಡು ನಟ್ ಕಾಲು ಸುತ್ತು ಹೋಗಿತ್ತು.