ಆರ್ಕೇಡ್ ಪೆಟ್ಟಿಗೆಗೆ ಹಳೆಯ ಚೌಕ ಮಾನಿಟರ್ ಸಾಕಾ?

ಪ್ರಶ್ನೆ (ಬಿಜೈ, ಮಂಗಳೂರು)

ಮನೆಯಲ್ಲೇ ಒಂದು ಆರ್ಕೇಡ್ ಪೆಟ್ಟಿಗೆ (ಎದುರು ನಿಂತು ವಿಡಿಯೋ ಗೇಮ್ ಆಡುವ ಪೆಟ್ಟಿಗೆ) ಮಾಡುತ್ತಿದ್ದೇನೆ. ಆಚಾರಿಯವರು ಪ್ಲೈವುಡ್ ಕತ್ತರಿಸಿ ಕೊಟ್ಟಾಗಿದೆ. ಒಳಗಿನ ಅಗಲ 46 ಸೆಂ.ಮೀ. ಆಟ ಓಡಿಸಲು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್. ಅಣ್ಣನ ಮಗಳಿಗೆ ಪ್ಯಾಕ್‌ಮ್ಯಾನ್ ಬೇಕು, ನನಗೆ ಸ್ಟ್ರೀಟ್ ಫೈಟರ್ 2. ಮನೆಯಲ್ಲಿ 19 ಇಂಚಿನ ಹಳೆಯ ಚೌಕ ಮಾನಿಟರ್ ಉಂಟು, 1280×1024 ಪಿಕ್ಸೆಲ್ (ಚುಕ್ಕಿ). ಅದನ್ನೇ ಹಾಕಲಾ, ಹೊಸ 24 ಇಂಚಿನದ್ದು ತರಲಾ? ಇಲ್ಲ, ಟ್ಯೂಬ್ ಟಿವಿ ಹುಡುಕಲಾ? ಕಾಲೇಜಿಗೆ ಹೋಗುವಾಗ ಹಂಪನಕಟ್ಟೆ ಹತ್ತಿರ ಆಡಿದ ಆ ಟ್ಯೂಬಿನ ಹೊಳಪು ಇನ್ನೂ ಕಣ್ಣಲ್ಲಿದೆ.

ಉತ್ತರ (ಮಣಿಪಾಲ)

ಟ್ಯೂಬ್ ಬೇಡ ಮಾರಾಯ್ರೆ. ಚಿತ್ರ ಚಂದ, ಒಪ್ಪುತ್ತೇನೆ. ಆದರೆ ಪ್ಲಗ್ ತೆಗೆದ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು. ಮಗು ಕೈ ಹಾಕುವ ಪೆಟ್ಟಿಗೆ ಅದು.

24 ಇಂಚಿನದ್ದು ಸುಮಾರು 53 ಸೆಂ.ಮೀ. ಅಗಲ, ನಿಮ್ಮ ಪೆಟ್ಟಿಗೆಯಲ್ಲಿ ಅಡ್ಡ ಕೂರುವುದೇ ಇಲ್ಲ. ಅದರಲ್ಲೂ ಹಳೆಯ ಆಟಗಳ 4:3 ಚಿತ್ರ (ಅಗಲ ನಾಲ್ಕು ಪಾಲು, ಎತ್ತರ ಮೂರು ಪಾಲು) ಬರುವುದು 40×30 ಸೆಂ.ಮೀ. ಮಾತ್ರ. ನಿಮ್ಮ 19 ಇಂಚಿನಲ್ಲಿ ಹತ್ತಿರ ಹತ್ತಿರ 38×28 ಸಿಗುತ್ತದೆ. ಮೇಲೆ ಕೆಳಗೆ ಸಣ್ಣ ಕಪ್ಪು ಪಟ್ಟಿ ಉಳಿಯುತ್ತದೆ, ಕಪ್ಪು ಕಾರ್ಡ್‌ಶೀಟ್ ಅಂಚಲ್ಲಿ ಮುಚ್ಚಿಹೋಗುತ್ತದೆ. ಪ್ಯಾಕ್‌ಮ್ಯಾನ್ ಚಿತ್ರ 224×288 ಪಿಕ್ಸೆಲ್, ಉದ್ದಕ್ಕೆ ನಿಂತದ್ದು. ಮೂರು ಪಟ್ಟು ಮಾಡಿದರೆ ಸುಮಾರು 25 ಸೆಂ.ಮೀ. ಎತ್ತರ ಬರುತ್ತದೆ. ಮಗುವಿಗೆ ಸಾಕಲ್ವಾ?

ಒಂದು ಮುಖ್ಯ ಪರೀಕ್ಷೆ: ಮಾನಿಟರ್ ಓಡುತ್ತಿರುವಾಗ ಗೋಡೆಯ ಸ್ವಿಚ್ ಆಫ್ ಮಾಡಿ ಮತ್ತೆ ಆನ್ ಮಾಡಿ. ತಾನಾಗಿ ಹೊತ್ತಿಕೊಳ್ಳಬೇಕು. ಇಲ್ಲದಿದ್ದರೆ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಪೆಟ್ಟಿಗೆಯ ಹಿಂದೆ ಕೈ ಹಾಕಬೇಕು.

ಉತ್ತರ (ಮಲ್ಪೆ)

ನಿಮ್ಮ ಮಾನಿಟರ್ ಟಿಎನ್ ಪ್ಯಾನೆಲ್ಲಾ, ಐಪಿಎಸ್ಸಾ ಎಂದು ಮೊದಲು ನೋಡಿ, ಇವು ಎಲ್‌ಸಿಡಿ ಪರದೆಯ ಎರಡು ಬಗೆ. ಟಿಎನ್ ಮೇಲಿಂದ ಕೆಳಗಿಂದ ನೋಡಿದರೆ ಬಣ್ಣ ಕೆಡುತ್ತದೆ. ನಾನು ಅಂಥದ್ದನ್ನು ತಿರುಗಿಸಿ ಉದ್ದಕ್ಕೆ ನಿಲ್ಲಿಸಿ ಹಾಕಿದೆ. ಆಗ ಆ ದೋಷ ಎಡಬಲಕ್ಕೆ ಬಂತು, ಪಕ್ಕದಲ್ಲಿ ನಿಂತವರಿಗೆ ಎಲ್ಲ ಮಸುಕು. ಎಷ್ಟು ಒರಗಿಸಬೇಕು ಎಂಬುದನ್ನು ಎದುರು ನಿಂತು ನೋಡಿಯೇ ತೀರ್ಮಾನಿಸಿ, ಆಮೇಲೆ ತೂತು ಕೊರೆಯಿರಿ.

ಮಾನಿಟರಿನ ಹಿಂದಿನ ನಾಲ್ಕು ತೂತಿಗೆ ಹೆಚ್ಚಾಗಿ ಎಂ4 (4 ಮಿ.ಮೀ. ದಪ್ಪದ) ಸ್ಕ್ರೂ. 12 ಮಿ.ಮೀ. ಪ್ಲೈ ಆದರೆ 20 ಮಿ.ಮೀ. ಉದ್ದದ್ದು ಹಾಕಿ. ತೂತಿನ ಆಳ ಕಡ್ಡಿ ಹಾಕಿ ಅಳೆದು ನೋಡಿ, ಜಾಸ್ತಿ ಉದ್ದ ಆದರೆ ಒಳಗಿನ ಬೋರ್ಡಿಗೆ ತಾಗುತ್ತದೆ. ಕತ್ತರಿಸಿದ ಅಂಚಿಗೆಲ್ಲ ಪೈಂಟ್ ಕೊಡಿ. ನಮ್ಮ ಕರಾವಳಿ ತೇವಕ್ಕೆ ಅಂಚಿನಿಂದಲೇ ಪ್ಲೈ ಉಬ್ಬುವುದು.

ಬಿಜೈಯಿಂದ ಮತ್ತೆ

ನನ್ನದು ಟಿಎನ್ನೇ. ನಿಲ್ಲಿಸುವ ಆಸೆ ಬಿಟ್ಟೆ, ಅಡ್ಡವೇ ಇರಲಿ. ಸ್ವಿಚ್ ಪರೀಕ್ಷೆ ಪಾಸ್. ಪುಸ್ತಕ ಒಟ್ಟಿ, ಅದರ ಮೇಲೆ ಒರಗಿಸಿ, ಅಣ್ಣನ ಮಗಳನ್ನು ಎದುರು ನಿಲ್ಲಿಸಿದೆ. “ಚಿಕ್ಕಪ್ಪ, ಇನ್ನು ಸ್ವಲ್ಪ ನೆಟ್ಟಗೆ ಮಾಡು” ಎಂದಳು. ಮಾಡಿದೆ. ಅಲ್ಲೇ ಪೆನ್ಸಿಲ್ ಗುರುತು ಹಾಕಿದ್ದೇನೆ. ಶನಿವಾರ ಆಚಾರಿಯವರು ತೂತು ಕೊರೆಯಲು ಬರುತ್ತಾರೆ.