ಅಪ್‌ಡೇಟ್: ಓಪನ್‌ಫೋಮ್‌ಗೆ ಎಐ ಏಜೆಂಟ್ ಜೋಡಿಸಿದ್ದಾಯ್ತು

ದ್ರವ, ಗಾಳಿಯ ಹರಿವನ್ನು ಲೆಕ್ಕಹಾಕುವ ಓಪನ್‌ಫೋಮ್ ಸಾಫ್ಟ್‌ವೇರನ್ನು ಎಐ ಏಜೆಂಟ್‌ನಿಂದ ಓಡಿಸಲು, ಅದಕ್ಕೆ ಶೆಲ್ (ಯಾವ ಕಮಾಂಡ್ ಬೇಕಾದರೂ ಕೊಡುವ ಅವಕಾಶ) ಪೂರ್ತಿ ಬಿಟ್ಟುಕೊಡಬೇಕಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಬೇಡ, ಚಿಕ್ಕ ಚಿಕ್ಕ ಟೂಲ್ ಮಾಡಿ, ಪ್ರತಿಯೊಂದಕ್ಕೂ ವಿವರಣೆ ಬರೆಯಿರಿ ಅಂದಿದ್ದಿರಿ. ಎಂಸಿಪಿ ಸರ್ವರ್ (ಏಜೆಂಟ್‌ಗೆ ಟೂಲ್‌ಗಳನ್ನು ಒದಗಿಸುವ ಪ್ರೋಗ್ರಾಂ) ಮೂಲಕ ಹಾಗೇ ಮಾಡಿದೆ. ತುಂಬಾ ಥ್ಯಾಂಕ್ಸ್, ಚೆನ್ನಾಗಿ ಕೆಲಸ ಮಾಡುತ್ತಿದೆ.

ಜಾಸ್ತಿ ಉಪಯೋಗಕ್ಕೆ ಬಂದದ್ದು ಟೂಲ್ ವಿವರಣೆಯಲ್ಲಿ ಯೂನಿಟ್ ಬರೆದಿಟ್ಟದ್ದು. ಓಪನ್‌ಫೋಮ್‌ನ ಒಂದು ಸಾಲ್ವರ್ (ಹರಿವಿನ ಲೆಕ್ಕ ಮಾಡುವ ಪ್ರೋಗ್ರಾಂ) ಆದ ಸಿಂಪಲ್‌ಫೋಮ್‌ನಲ್ಲಿ ಒತ್ತಡ ಪಾಸ್ಕಲ್‌ನಲ್ಲಿ ಇರುವುದಿಲ್ಲ, ಸಾಂದ್ರತೆಯಿಂದ ಭಾಗಿಸಿದ ಸಂಖ್ಯೆ ಬರುತ್ತದೆ ಅಲ್ವಾ, ಏಜೆಂಟ್ ಅದನ್ನೇ ಪಾಸ್ಕಲ್ ಅಂದುಕೊಂಡು ನೀರಿನ ಪೈಪಿನ ಒತ್ತಡವನ್ನು ಸುಮಾರು 1000 ಪಟ್ಟು ಕಡಿಮೆ ಹೇಳುತ್ತಿತ್ತು. 'ಪಾಸ್ಕಲ್ ಬೇಕಾದರೆ ಸಾಂದ್ರತೆಯಿಂದ ಗುಣಿಸು' ಅಂತ ವಿವರಣೆಯಲ್ಲಿ ಒಂದು ಸಾಲು ಸೇರಿಸಿದೆ, ಸರಿಹೋಯ್ತು. ಸುಮ್ನೆ ಎಐ ಮಾಡೆಲ್ ಬದಲಿಸುವ ಮೊದಲು ಇದನ್ನು ನೋಡಿ, ದಯವಿಟ್ಟು.

ಇನ್ನೊಂದು, ಮೆಶ್ (ಲೆಕ್ಕಕ್ಕಾಗಿ ಜಾಗವನ್ನು ಚಿಕ್ಕ ಚಿಕ್ಕ ಭಾಗ ಮಾಡಿದ ಜಾಲ) ಸರಿಯಿದೆಯಾ ಅಂತ ನೋಡುವ ಚೆಕ್‌ಮೆಶ್ ಫೇಲ್ ಆದರೆ ಸಾಲ್ವರ್ ಟೂಲ್ ಓಡುವುದೇ ಇಲ್ಲ. ಯಾಕೆ ಅನ್ನುವುದನ್ನು ಮಾತ್ರ ವಾಪಸ್ ಕೊಡುತ್ತದೆ, ಏಜೆಂಟ್ ಅದನ್ನು ಓದಿ ಮೆಶ್ ತಿದ್ದುತ್ತದೆ.